ಓವರಿಯಲ್ಲಿ ಗಡ್ಡೆ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಹೊಟ್ಟೆನೋವು ಅಂತ ಹೋದರೂ ಸ್ಕ್ಯಾನಿಂಗ್, ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್‌ನಲ್ಲೂ ಸ್ಕ್ಯಾನಿಂಗ್. ರಿಪೋರ್ಟ್ ಸಂಜೆಯೊಳಗೆ ವಾಟ್ಸಾಪ್‌ಗೆ ಬಂದುಬಿಡುತ್ತದೆ. ಡಾಕ್ಟರ್ ಸಿಗುವುದು ಮಾತ್ರ ಮೂರು ದಿನ ಬಿಟ್ಟು. ಅಷ್ಟರಲ್ಲಿ ರಿಪೋರ್ಟಿನ ಕೊನೆಯಲ್ಲಿರುವ ‘ಬಲ ಓವರಿಯಲ್ಲಿ 4.2 × 3.8 ಸೆಂ.ಮೀ. ಸಿಸ್ಟ್’ ಅನ್ನುವ ಒಂದು ಸಾಲು ಮನೆಯವರ ನಿದ್ದೆ ಕೆಡಿಸಿರುತ್ತದೆ. ಸಿಸ್ಟ್ ಅಂದರೆ ಒಳಗೆ ನೀರಿನಂಥದ್ದು ತುಂಬಿದ, ಚೀಲದಂಥ ಗಡ್ಡೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎರಡನೇ ಸಾಲಿಗೇ ಕ್ಯಾನ್ಸರ್ ಬರುತ್ತದೆ, ಇನ್ನು ಕೇಳುವುದೇ ಬೇಡ.

ಹೆದರಿಕೆ ಪೂರ್ತಿ ಸುಳ್ಳಲ್ಲ. ಭಾರತದ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಿಟ್ಟರೆ ಜಾಸ್ತಿ ಕಾಣುವುದು ಓವರಿಯ ಕ್ಯಾನ್ಸರೇ. ಆದರೆ ಮುಟ್ಟಾಗುವ ವಯಸ್ಸಿನಲ್ಲಿ ಓವರಿಯಲ್ಲಿ ಕಾಣಿಸುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ ಅನ್ನುವುದೂ ಅಷ್ಟೇ ನಿಜ. ನಮ್ಮದು ಯಾವ ಗುಂಪಿನದು ಅಂತ ತಿಳಿಯುವುದು ಹೇಗೆ? ಅದನ್ನು ಒಂದೇ ಟೆಸ್ಟಿನಿಂದ ಹೇಳಲು ಬರುವುದಿಲ್ಲ. ಗಡ್ಡೆಯ ಒಳಗೆ ಏನಿದೆ, ಯಾವ ವಯಸ್ಸಿನಲ್ಲಿ ಬಂದಿದೆ, ಎರಡು ಮೂರು ತಿಂಗಳಾದ ಮೇಲೂ ಇದೆಯೇ, ಈ ಮೂರನ್ನೂ ಸೇರಿಸಿ ನೋಡಬೇಕು. ನಾವು ಎಲ್ಲಕ್ಕಿಂತ ಮೊದಲು ಕೇಳುವ ‘ಎಷ್ಟು ದೊಡ್ಡದು?’ ಅನ್ನುವ ಪ್ರಶ್ನೆ ಇವುಗಳ ನಂತರದ್ದು.

ಗುಳ್ಳೆ ಬರುವುದು ಓವರಿಯ ದಿನಚರಿ

ಗರ್ಭಕೋಶದ ಎರಡು ಬದಿಗೆ ಒಂದೊಂದು ಓವರಿ, ಅಂದರೆ ಅಂಡಾಶಯ ಇರುತ್ತದೆ. ಉದ್ದ ಸುಮಾರು 3 ಸೆಂ.ಮೀ. ಪ್ರತಿ ತಿಂಗಳೂ ಯಾವುದಾದರೂ ಒಂದು ಓವರಿಯಲ್ಲಿ ನೀರು ತುಂಬಿದ ಒಂದು ಗುಳ್ಳೆ ಬೆಳೆಯುತ್ತದೆ. ಅದರೊಳಗೆ ಅಂಡಾಣು ಇರುತ್ತದೆ. ಗುಳ್ಳೆ ಸುಮಾರು 2 ಸೆಂ.ಮೀ. ಆದಾಗ ಒಡೆದು ಅಂಡಾಣು ಹೊರಗೆ ಬರುತ್ತದೆ. ಇದು ಕಾಯಿಲೆಯಲ್ಲ, ಮುಟ್ಟಿನ ಚಕ್ರದ ಒಂದು ಭಾಗ.

ಕೆಲವು ತಿಂಗಳು ಗುಳ್ಳೆ ಒಡೆಯುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಕೆಲವೊಮ್ಮೆ ಒಡೆದ ಮೇಲೆ ಅದೇ ಜಾಗದಲ್ಲಿ ಮತ್ತೆ ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಇಂಥವನ್ನು ಫಂಕ್ಷನಲ್ ಸಿಸ್ಟ್ ಅನ್ನುತ್ತಾರೆ. ರಕ್ತ ತುಂಬಿದ್ದರೆ ರಿಪೋರ್ಟಿನಲ್ಲಿ ‘ಹೆಮರೇಜಿಕ್ ಸಿಸ್ಟ್’ ಅಂತ ಇರುತ್ತದೆ. ಹೆಸರು ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಇವುಗಳಲ್ಲಿ ಹೆಚ್ಚಿನವು ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ತಾವೇ ಕರಗುತ್ತವೆ. ‘ಎರಡು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ’ ಅಂತ ಡಾಕ್ಟರ್ ಹೇಳಿದರೆ ಸುಮ್ನೆ ಸಾಗಹಾಕಿದರು ಅಂದುಕೊಳ್ಳಬೇಡಿ. ಆ ಕಾಯುವಿಕೆಯೇ ಒಂದು ಟೆಸ್ಟ್. ಕರಗಿದರೆ ಅದು ಮುಟ್ಟಿನ ಚಕ್ರದ ಗುಳ್ಳೆ. ಹಾಗೇ ಉಳಿದರೆ ಅಥವಾ ಬೆಳೆದರೆ ಬೇರೆ ಏನೋ ಇದೆ ಅಂತ ಲೆಕ್ಕ.

ಪಿಸಿಒಡಿಯನ್ನು ಇದರ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳುವವರು ಬಹಳ. ಅದರಲ್ಲಿ ಕಾಣುವುದು ಗಡ್ಡೆಗಳೇ ಅಲ್ಲ. ಬೆಳೆಯುವುದು ಅರ್ಧಕ್ಕೇ ನಿಂತ, 2ರಿಂದ 9 ಮಿ.ಮೀ.ನ ಸಣ್ಣ ಸಣ್ಣ ಅಂಡಾಣು ಗುಳ್ಳೆಗಳು ಓವರಿಯಲ್ಲಿ ತುಂಬಿಕೊಂಡಿರುತ್ತವೆ, ಅಷ್ಟೆ. ಅವನ್ನು ಆಪರೇಷನ್ ಮಾಡಿ ತೆಗೆಯುವ ಮಾತೇ ಇಲ್ಲ.

ಕರಗದಿದ್ದರೂ ಕ್ಯಾನ್ಸರ್ ಅಲ್ಲದವು

ಕ್ಯಾನ್ಸರ್ ಅಲ್ಲದ ಗಡ್ಡೆ ಇದ್ದ ಕಡೆಯೇ ಬೆಳೆಯುತ್ತದೆ. ಪಕ್ಕದ ಅಂಗದೊಳಗೆ ನುಗ್ಗುವುದಿಲ್ಲ, ಬೇರೆ ಕಡೆ ಹರಡುವುದಿಲ್ಲ. ಕ್ಯಾನ್ಸರ್ ಗಡ್ಡೆ ಈ ಎರಡೂ ಕೆಲಸ ಮಾಡುತ್ತದೆ. ಬಿನೈನ್, ಮ್ಯಾಲಿಗ್ನಂಟ್ ಅಂತ ರಿಪೋರ್ಟಿನಲ್ಲಿ ಬರೆಯುವುದು ಕ್ರಮವಾಗಿ ಇವನ್ನೇ.

ಕ್ಯಾನ್ಸರ್ ಅಲ್ಲದವುಗಳಲ್ಲಿ ತೀರಾ ವಿಚಿತ್ರವಾದದ್ದು ಡರ್ಮಾಯ್ಡ್. ಅಂಡಾಣು ಆಗಬೇಕಿದ್ದ ಜೀವಕೋಶದಿಂದ ಹುಟ್ಟುವ ಗಡ್ಡೆ ಇದು. ಆ ಜೀವಕೋಶಕ್ಕೆ ದೇಹದ ಯಾವ ಭಾಗವನ್ನು ಬೇಕಾದರೂ ಕಟ್ಟುವ ಶಕ್ತಿ ಇರುತ್ತದೆ. ಹಾಗಾಗಿ ಡರ್ಮಾಯ್ಡ್ ಕತ್ತರಿಸಿದರೆ ಒಳಗೆ ಜಿಡ್ಡು, ಕೂದಲಿನ ಉಂಡೆ, ಕೆಲವೊಮ್ಮೆ ಪೂರ್ತಿ ಬೆಳೆದ ಹಲ್ಲು ಸಿಗುತ್ತದೆ. ಇದು ಮಾಟಮಂತ್ರವೂ ಅಲ್ಲ, ನಿಂತ ಗರ್ಭವೂ ಅಲ್ಲ. ಚಿಕ್ಕ ವಯಸ್ಸಿನವರಲ್ಲಿ ಮಾಮೂಲಿಯಾಗಿ ಸಿಗುವ ಗಡ್ಡೆ. ನೂರರಲ್ಲಿ ಒಂದೋ ಎರಡೋ ಮಾತ್ರ ಕ್ಯಾನ್ಸರ್ ಆಗಬಹುದು, ಅದೂ ಸಾಮಾನ್ಯವಾಗಿ ವಯಸ್ಸಾದ ಮೇಲೆ.

ಚಾಕೊಲೇಟ್ ಸಿಸ್ಟ್ ಅಂದರೆ ಎಂಡೊಮೆಟ್ರಿಯೋಸಿಸ್‌ನಿಂದ ಬರುವ ಗಡ್ಡೆ. ಗರ್ಭಕೋಶದ ಒಳಪದರದಂಥ ಪದರವೇ ಓವರಿಯಲ್ಲಿ ಬೆಳೆದು, ಪ್ರತಿ ಮುಟ್ಟಿಗೂ ಅಲ್ಲಿ ರಕ್ತ ಸೋರಿ, ಹಳತಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮುಟ್ಟಿನ ಹೊತ್ತಿಗೆ ವಿಪರೀತ ನೋವು ಇದರ ಗುರುತು. ಇನ್ನು ಓವರಿಯ ಮೇಲ್ಪದರದಿಂದ ಹುಟ್ಟುವ ಸಿಸ್ಟಡಿನೋಮಗಳಿವೆ. ಒಳಗೆ ತಿಳಿನೀರಿದ್ದರೆ ಸೀರಸ್, ಲೋಳೆಯಂಥದ್ದು ಇದ್ದರೆ ಮ್ಯೂಸಿನಸ್. ಫೈಬ್ರೋಮ ಅನ್ನುವುದು ನೀರೇ ಇಲ್ಲದ ಗಟ್ಟಿ ಗಡ್ಡೆ. ಅಪರೂಪಕ್ಕೆ ಇದು ಹೊಟ್ಟೆಯಲ್ಲೂ ಎದೆಗೂಡಿನಲ್ಲೂ ನೀರು ತುಂಬಿಸಿ ಥೇಟ್ ಮುಂದುವರಿದ ಕ್ಯಾನ್ಸರಿನ ವೇಷ ಹಾಕುತ್ತದೆ. ಗಡ್ಡೆ ತೆಗೆದರೆ ನೀರೂ ಮಾಯ. ಇದಕ್ಕೆ ಮೀಗ್ಸ್ ಸಿಂಡ್ರೋಮ್ ಅಂತ ಹೆಸರು.

ಎರಡರ ನಡುವೆ ನಿಲ್ಲುವ ಗಡ್ಡೆಗಳೂ ಉಂಟು. ಬಾರ್ಡರ್‌ಲೈನ್ ಅನ್ನುತ್ತಾರೆ. ಜೀವಕೋಶಗಳು ಕ್ಯಾನ್ಸರಿನ ಹಾಗೆ ಜೋರಾಗಿ ಬೆಳೆಯುತ್ತವೆ, ಆದರೆ ಒಳಕ್ಕೆ ಕೊರೆದು ನುಗ್ಗುವುದಿಲ್ಲ. ಹೆಚ್ಚಿನವರು ಆಪರೇಷನ್ ಒಂದರಲ್ಲೇ ಗುಣವಾಗುತ್ತಾರೆ. ಆದರೆ ವರ್ಷಗಟ್ಟಲೆ ಚೆಕಪ್ ತಪ್ಪಿಸುವಂತಿಲ್ಲ.

ದೊಡ್ಡದಾದರೆ ಕೆಟ್ಟದ್ದು ಅಂತಲ್ಲ

1809ರ ಡಿಸೆಂಬರ್. ಅಮೆರಿಕದ ಕೆಂಟಕಿಯಲ್ಲಿ ಜೇನ್ ಟಾಡ್ ಕ್ರಾಫರ್ಡ್ ಅನ್ನುವ ಹೆಂಗಸಿಗೆ ಹೊಟ್ಟೆ ದೊಡ್ಡದಾಗುತ್ತಾ ಬಂದಿತ್ತು. ಬಸುರಿ ಅಂದುಕೊಂಡಿದ್ದರು. ಎಫ್ರೇಮ್ ಮ್ಯಾಕ್‌ಡೊವೆಲ್ ಅನ್ನುವ ಡಾಕ್ಟರ್ ಬಂದು ನೋಡಿ ಇದು ಓವರಿಯ ಗಡ್ಡೆ ಅಂದ. ಆಕೆ ಕುದುರೆಯ ಮೇಲೆ ಸುಮಾರು 60 ಮೈಲಿ ಪ್ರಯಾಣ ಮಾಡಿ ಅವನ ಊರು ಡ್ಯಾನ್‌ವಿಲ್ ಸೇರಿದಳು. ಅರಿವಳಿಕೆ ಇನ್ನೂ ಬಂದಿರದ ಕಾಲ. ಮೇಜಿನ ಮೇಲೆ ಮಲಗಿಸಿ, ಸುಮಾರು 25 ನಿಮಿಷದಲ್ಲಿ ಗಡ್ಡೆ ತೆಗೆದ. ಒಳಗಿನ ಲೋಳೆ 15 ಪೌಂಡ್, ಚೀಲ ಏಳೂವರೆ ಪೌಂಡ್, ಒಟ್ಟು 10 ಕೆ.ಜಿ.ಗೂ ಮೇಲೆ. ಆಕೆ ಅದಾದ ಮೇಲೆ ಇನ್ನೂ 32 ವರ್ಷ ಬದುಕಿದಳು. ಅಷ್ಟು ದೊಡ್ಡ ಗಡ್ಡೆ ಕ್ಯಾನ್ಸರ್ ಆಗಿದ್ದರೆ ಇದು ಆಗುವ ಮಾತಲ್ಲ.

ಇದರ ತಿರುವುಮುರುವೂ ಇದೆ. ಓವರಿಯ ಕ್ಯಾನ್ಸರ್ ಅನ್ನುವವುಗಳಲ್ಲಿ ಜಾಸ್ತಿ ಕಾಣುವ, ಜಾಸ್ತಿ ಪ್ರಾಣ ತೆಗೆಯುವ ಬಗೆ ಬಹಳಷ್ಟು ಸಲ ಶುರುವಾಗುವುದು ಓವರಿಯಲ್ಲೇ ಅಲ್ಲ, ಅಂಡಾಣುವನ್ನು ಗರ್ಭಕೋಶಕ್ಕೆ ಸಾಗಿಸುವ ಪಕ್ಕದ ಟ್ಯೂಬಿನ ತುದಿಯಲ್ಲಿ. ಓವರಿ ಹೆಚ್ಚು ಊದಿಕೊಳ್ಳುವ ಮೊದಲೇ ಹೊಟ್ಟೆಯ ಒಳಪದರದ ಮೇಲೆಲ್ಲ ಕಾಳುಗಳಂತೆ ಹರಡಿರಬಹುದು. ಸೈಜ್ ಮುಖ್ಯವಾಗುವುದು ಬೇರೆ ಕಾರಣಗಳಿಗೆ: ಗಡ್ಡೆ ತಿರುಚಿಕೊಳ್ಳಬಹುದು, ಒಡೆಯಬಹುದು, ಮೂತ್ರಕೋಶವನ್ನು ಒತ್ತಬಹುದು. ಸ್ಕ್ಯಾನಿನಲ್ಲಿ ಒಳಗಡೆ ಪೂರ್ತಿ ನೋಡುವುದೂ ಕಷ್ಟವಾಗುತ್ತದೆ.

ಸ್ಕ್ಯಾನಿನಲ್ಲಿ ಏನು ನೋಡುತ್ತಾರೆ

ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಡುವುದು ಅಲ್ಟ್ರಾಸೌಂಡ್. ಅದರಲ್ಲೂ ಕೆಳಗಿನಿಂದ, ಯೋನಿಯ ಮೂಲಕ ಮಾಡುವ ಟಿವಿಎಸ್ ಸ್ಕ್ಯಾನ್. ನಮ್ಮಲ್ಲಿ ಇದಕ್ಕೆ ಸಂಕೋಚ ಪಡುವವರೇ ಜಾಸ್ತಿ. ಆದರೆ ಓವರಿಗೆ ಹತ್ತಿರದಿಂದ ನೋಡುವ ಕಾರಣ ಹೊಟ್ಟೆಯ ಮೇಲಿನ ಸ್ಕ್ಯಾನ್‌ಗಿಂತ ಸ್ಪಷ್ಟವಾಗಿ ಕಾಣುತ್ತದೆ. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಮೂತ್ರ ಕಟ್ಟಿಸಿ ಮೇಲಿನಿಂದಲೇ ಮಾಡುತ್ತಾರೆ.

ಐಒಟಿಎ ಅನ್ನುವ ಅಂತರರಾಷ್ಟ್ರೀಯ ತಜ್ಞರ ತಂಡ 2008ರಲ್ಲಿ ಇದಕ್ಕೆ ಸರಳವಾದ ಹತ್ತು ಗುರುತುಗಳನ್ನು ಕೊಟ್ಟಿತು. ಐದು ಒಳ್ಳೆಯದರ ಗುರುತು, ಐದು ಅನುಮಾನದ ಗುರುತು.

ಒಳ್ಳೆಯ ಗುರುತುಗಳು ಹೀಗಿವೆ, ಐದೂ ಒಟ್ಟಿಗೆ ಇರಬೇಕು ಅಂತೇನಿಲ್ಲ. ಗಡ್ಡೆಯಲ್ಲಿ ಒಂದೇ ಕೋಣೆ ಇದ್ದು, ಮಧ್ಯೆ ಗೋಡೆ ಇಲ್ಲದಿರುವುದು ಮೊದಲನೆಯದು. ಗಟ್ಟಿ ಭಾಗ ಇದ್ದರೂ 7 ಮಿ.ಮೀ.ಗಿಂತ ಚಿಕ್ಕದಿರಬೇಕು. ಗಡ್ಡೆಯ ಹಿಂದೆ ನೆರಳು ಬೀಳುವುದೂ ಒಳ್ಳೆಯ ಗುರುತೇ, ಡರ್ಮಾಯ್ಡ್‌ನ ಕೂದಲು ಹಲ್ಲುಗಳಿಂದ ಹೀಗಾಗುತ್ತದೆ. ಹಲವು ಕೋಣೆಗಳಿದ್ದರೂ ಗೋಡೆಗಳು ನುಣುಪಾಗಿದ್ದು, ಒಟ್ಟು 10 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಸರಿ. ಕೊನೆಯದು, ಕಲರ್ ಡಾಪ್ಲರ್ ಹಾಕಿದಾಗ ಒಳಗೆ ರಕ್ತ ಓಡಾಟ ಕಾಣದಿರುವುದು.

ಅನುಮಾನದ ಗುರುತುಗಳು: ಅಂಕುಡೊಂಕಾದ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು, ಒಳಗೋಡೆಯಿಂದ ಮೊಳಕೆಯಂತೆ ಚಾಚಿದ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಮುಂಚಾಚುಗಳು, ಗಟ್ಟಿ ಭಾಗವೂ ಇರುವ, 10 ಸೆಂ.ಮೀ. ಅಥವಾ ಅದಕ್ಕೂ ದೊಡ್ಡದಾದ, ಹಲವು ಕೋಣೆಗಳ ಅಂಕುಡೊಂಕು ಗಡ್ಡೆ, ಮತ್ತು ಒಳಗೆ ಜೋರಾದ ರಕ್ತ ಓಡಾಟ. ರಿಪೋರ್ಟಿನಲ್ಲಿ ‘ಪ್ಯಾಪಿಲರಿ ಪ್ರೊಜೆಕ್ಷನ್’ ಅಂತ ಇದ್ದರೆ ಆ ಮುಂಚಾಚು, ‘ಸೆಪ್ಟೇಶನ್’ ಅಂದರೆ ಮಧ್ಯದ ಗೋಡೆ, ‘ಅಸೈಟಿಸ್’ ಅಂದರೆ ಹೊಟ್ಟೆಯ ನೀರು.

ಒಳ್ಳೆಯ ಗುರುತು ಮಾತ್ರ ಇದ್ದರೆ ಕ್ಯಾನ್ಸರ್ ಅಲ್ಲ, ಅನುಮಾನದ್ದು ಮಾತ್ರ ಇದ್ದರೆ ಕ್ಯಾನ್ಸರ್ ಇರಬಹುದು ಅಂತ ತೀರ್ಮಾನ. ಎರಡೂ ಇದ್ದರೆ, ಇಲ್ಲವೇ ಎರಡೂ ಇಲ್ಲದಿದ್ದರೆ? ಆಗ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಸುಮಾರು ನಾಲ್ಕರಲ್ಲಿ ಒಂದು ಗಡ್ಡೆ ಹೀಗೆ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ. ಅವಕ್ಕೆ ಹೆಚ್ಚು ಅನುಭವವಿರುವ ತಜ್ಞರ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು.

ಈಚೆಗೆ ಕೆಲವು ರಿಪೋರ್ಟುಗಳ ಕೊನೆಯಲ್ಲಿ ‘ಓ-ರಾಡ್ಸ್’ ಅಂತ ಒಂದು ಅಂಕಿ ಇರುತ್ತದೆ. 1 ಅಂದರೆ ಮಾಮೂಲಿ ಓವರಿ. 2 ಅಂದರೆ ಕ್ಯಾನ್ಸರ್ ಇರುವ ಸಂಭವ ಶೇ. 1ಕ್ಕಿಂತ ಕಮ್ಮಿ. 3ಕ್ಕೆ ಶೇ. 10ರೊಳಗೆ, 4ಕ್ಕೆ 10ರಿಂದ 50ರೊಳಗೆ, 5 ಅಂದರೆ 50 ಅಥವಾ ಅದಕ್ಕಿಂತ ಹೆಚ್ಚು. 0 ಇದ್ದರೆ ಖುಷಿಪಡುವ ಹಾಗಿಲ್ಲ, ಸ್ಕ್ಯಾನ್ ಸರಿಯಾಗಿ ಕಾಣಲಿಲ್ಲ ಅಂತ ಅದರ ಅರ್ಥ. ಇದು ಕ್ಯಾನ್ಸರಿನ ಸ್ಟೇಜ್ ಅಂತ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಸ್ಟೇಜಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸಿಎ-125: ಎಲ್ಲರೂ ಹೆದರುವ ರಕ್ತಪರೀಕ್ಷೆ

ಸಿಎ-125 ರಕ್ತದಲ್ಲಿರುವ ಒಂದು ಪ್ರೋಟೀನ್. 35ರೊಳಗೆ ಇದ್ದರೆ ಮಾಮೂಲಿ ಅಂತ ಲ್ಯಾಬಿನವರು ಬರೆದಿರುತ್ತಾರೆ. ಹಾಗಾಗಿ 60 ಬಂದರೆ ಅಳು, 20 ಬಂದರೆ ಹಬ್ಬ. ಎರಡೂ ಅವಸರದ್ದೇ.

ಈ ಪ್ರೋಟೀನ್ ಹೊಟ್ಟೆಯ ಒಳಪದರಕ್ಕೆ ಕಿರಿಕಿರಿಯಾದಾಗೆಲ್ಲ ಏರುತ್ತದೆ. ಚಾಕೊಲೇಟ್ ಸಿಸ್ಟ್, ಗರ್ಭಕೋಶದ ಫೈಬ್ರಾಯ್ಡ್, ಸೋಂಕು, ಬಸುರಿನ ಮೊದಲ ತಿಂಗಳುಗಳು, ಲಿವರ್ ಕಾಯಿಲೆ, ಅಷ್ಟೇ ಏಕೆ, ಮುಟ್ಟಿನ ದಿನಗಳಲ್ಲೂ ಏರಬಹುದು. ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯಬಾರದು, ಅದು ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು, ತೂಕ ಇಳಿಕೆ, ಓವರಿಯ ಹತ್ತಿರ ಗಡ್ಡೆ, ನೂರಾರು ಸಂಖ್ಯೆಯ ಸಿಎ-125, ಎಲ್ಲವೂ ಕ್ಯಾನ್ಸರಿನ ಹಾಗೇ. ಕೊನೆಗೆ ಟಿಬಿ ಮಾತ್ರೆಯಿಂದ ಗುಣವಾದವರಿದ್ದಾರೆ.

ಇನ್ನೊಂದು ಕಡೆ, ಮೊದಲನೇ ಸ್ಟೇಜಿನ ಓವರಿ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ ಸಿಎ-125 ಏರಿರುವುದೇ ಇಲ್ಲ. ಹಾಗಾಗಿ ಈ ಸಂಖ್ಯೆಯನ್ನು ಒಂಟಿಯಾಗಿ ನೋಡಬಾರದು. ಡಾಕ್ಟರುಗಳು ಬಳಸುವ ಆರ್‌ಎಂಐ ಅನ್ನುವ ಲೆಕ್ಕ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅದರಲ್ಲಿ ಮೂರು ಅಂಕಿ ಗುಣಿಸುತ್ತಾರೆ. ಸ್ಕ್ಯಾನಿನಲ್ಲಿ ಅನುಮಾನದ ಗುರುತು ಒಂದಿದ್ದರೆ 1, ಎರಡೋ ಜಾಸ್ತಿಯೋ ಇದ್ದರೆ 3. ಮುಟ್ಟಾಗುತ್ತಿದ್ದರೆ 1, ನಿಂತಿದ್ದರೆ 3. ಇವಕ್ಕೆ ಸಿಎ-125 ಸೇರಿಸಿ ಗುಣಾಕಾರ.

ಇಬ್ಬರಿಗೂ ಸಿಎ-125 ಬಂದಿರುವುದು 90 ಅಂತಿಟ್ಟುಕೊಳ್ಳಿ. ಒಬ್ಬಾಕೆಗೆ 32 ವರ್ಷ, ಎರಡೂ ಕಡೆ ಚಾಕೊಲೇಟ್ ಸಿಸ್ಟ್. ಎರಡೂ ಓವರಿಯಲ್ಲಿ ಇರುವುದು ಈ ಲೆಕ್ಕದಲ್ಲಿ ಒಂದು ಗುರುತು. 1 × 1 × 90, ಅಂದರೆ 90. ಇನ್ನೊಬ್ಬರಿಗೆ 58 ವರ್ಷ, ಗಡ್ಡೆಯಲ್ಲಿ ಗಟ್ಟಿ ಭಾಗ, ಹೊಟ್ಟೆಯಲ್ಲಿ ನೀರು. 3 × 3 × 90, ಅಂದರೆ 810. ಸಾಮಾನ್ಯವಾಗಿ 200 ದಾಟಿದರೆ ಕ್ಯಾನ್ಸರ್ ತಜ್ಞರ ಹತ್ತಿರ ಕಳಿಸುತ್ತಾರೆ. ರಕ್ತದ ರಿಪೋರ್ಟ್ ಒಂದೇ, ಮುಂದಿನ ದಾರಿ ಮಾತ್ರ ಪೂರ್ತಿ ಬೇರೆ.

ಹಾಗಾದರೆ ಏನೂ ತೊಂದರೆ ಇಲ್ಲದವರೂ ವರ್ಷಕ್ಕೊಮ್ಮೆ ಸಿಎ-125 ಮಾಡಿಸಿಕೊಂಡರೆ ಒಳ್ಳೆಯದಲ್ವಾ? ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಹೀಗೆ ಟೆಸ್ಟ್ ಮಾಡಿದ್ದರಿಂದ ಈ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಕಮ್ಮಿಯಾಗಲಿಲ್ಲ. ಪ್ಯಾಕೇಜಿನಲ್ಲಿ ಇದೆ ಅಂತ ಮಾಡಿಸಿಕೊಳ್ಳುವ ಟೆಸ್ಟ್ ಇದಲ್ಲ. ಪ್ಯಾಪ್ ಸ್ಮಿಯರ್ ಕೂಡ ಇದಕ್ಕೆ ಆಗಿಬರುವುದಿಲ್ಲ. ಅದು ನೋಡುವುದು ಗರ್ಭಕೋಶದ ಕೊರಳನ್ನು ಮಾತ್ರ.

ಸೂಜಿ ಚುಚ್ಚಿ ನೋಡಬಾರದೇ?

ಕಲ್ಲಂಗಡಿ ಮಾರುವವನು ಹಣ್ಣಿಗೆ ಚಾಕು ಹಾಕಿ, ಒಂದು ತ್ರಿಕೋನದ ತುಂಡು ಎತ್ತಿ, ಒಳಗೆ ಕೆಂಪಗಿದೆ ನೋಡಿ ಅಂತ ತೋರಿಸುತ್ತಾನೆ. ಸ್ತನದ ಗಡ್ಡೆಗೆ ಮಾಡುವ ಬಯಾಪ್ಸಿ ಹೆಚ್ಚುಕಮ್ಮಿ ಅದೇ. ಓವರಿಯ ಗಡ್ಡೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಓವರಿ ಹೊಟ್ಟೆಯೊಳಗೆ ಯಾವ ಹೊದಿಕೆಯೂ ಇಲ್ಲದೆ ನೇತಾಡಿಕೊಂಡಿರುತ್ತದೆ. ನೀರಿರುವ ಗಡ್ಡೆಗೆ ಚುಚ್ಚಿದರೆ ಆ ನೀರು ಹೊಟ್ಟೆಯೊಳಗೆ ಸೋರುತ್ತದೆ. ಅದು ಕ್ಯಾನ್ಸರ್ ಆಗಿದ್ದರೆ, ಒಂದೇ ಓವರಿಯೊಳಗೆ ಭದ್ರವಾಗಿದ್ದ ಕಾಯಿಲೆಯನ್ನು ನಾವೇ ಚೆಲ್ಲಿದ ಹಾಗೆ. ಸ್ಟೇಜ್ 1ಎ ಇದ್ದದ್ದು ಅಷ್ಟಕ್ಕೇ 1ಸಿ ಆಗುತ್ತದೆ, ಕೀಮೋ ಬೇಕಾಗಬಹುದು.

ಆದ್ದರಿಂದ ಅನುಮಾನ ಇದ್ದರೆ ಗಡ್ಡೆಯನ್ನು ಒಡೆಯದಂತೆ, ಇಡಿಯಾಗಿ ತೆಗೆಯುತ್ತಾರೆ. ಆಪರೇಷನ್ ನಡೆಯುವಾಗಲೇ ಅದರ ಒಂದು ಚೂರನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುವ ಫ್ರೋಜನ್ ಸೆಕ್ಷನ್ ಅನ್ನುವ ಕ್ರಮ ಇದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಉತ್ತರ ಬರುತ್ತದೆ. ಕ್ಯಾನ್ಸರ್ ಅಲ್ಲ ಅಂದರೆ ಅಲ್ಲಿಗೇ ಹೊಲಿಗೆ ಹಾಕುತ್ತಾರೆ. ಹೌದು ಅಂದರೆ ಎಲ್ಲಿಯವರೆಗೆ ಹರಡಿದೆ ಅಂತ ನೋಡಿ ಮುಂದಿನದನ್ನು ಅಲ್ಲೇ ಮಾಡುತ್ತಾರೆ. ಪೂರ್ತಿ ಖಚಿತವಾದ ಉತ್ತರಕ್ಕೆ ಕೆಲವು ದಿನ ಬಿಟ್ಟು ಬರುವ ಬಯಾಪ್ಸಿ ರಿಪೋರ್ಟನ್ನೇ ಕಾಯಬೇಕು. ಆಗಲೇ ತುಂಬಾ ಹರಡಿರುವುದು ಸ್ಕ್ಯಾನಿನಲ್ಲಿ ಕಂಡಿದ್ದರೆ ಮಾತು ಬೇರೆ. ಆಗ ಸೂಜಿಯಿಂದ ಚೂರು ತೆಗೆದು ನೋಡಿ ಮೊದಲು ಕೀಮೋ ಕೊಡುವುದುಂಟು.

ವಯಸ್ಸು ಮತ್ತು ಮನೆತನ

ಮುಟ್ಟು ನಿಂತ ಮೇಲೆ ಗುಳ್ಳೆ ಬೆಳೆಯುವ ಚಕ್ರವೇ ನಿಂತಿರುತ್ತದೆ. ಹಾಗಾಗಿ ಆಗ ಕಾಣುವ ಗಡ್ಡೆಗೆ ಡಾಕ್ಟರ್ ಹೆಚ್ಚು ಗಮನ ಕೊಡುತ್ತಾರೆ. ಹಾಗಂತ ಎಲ್ಲವೂ ಕೆಟ್ಟದ್ದಲ್ಲ. 5 ಸೆಂ.ಮೀ.ಗಿಂತ ಚಿಕ್ಕದಾದ, ಒಂದೇ ಕೋಣೆಯ, ಬರೀ ನೀರಿರುವ ಸಿಸ್ಟ್ ಇದ್ದು ಸಿಎ-125 ಸರಿಯಾಗಿದ್ದರೆ, ಆ ವಯಸ್ಸಿನಲ್ಲೂ ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಸಾಕಾಗುತ್ತದೆ.

ಹತ್ತು ಹದಿನೈದು ವರ್ಷದ ಹುಡುಗಿಯಲ್ಲಿ ಗಟ್ಟಿ ಗಡ್ಡೆ ಕಂಡರೆ ಅದೂ ಅವಸರದ ವಿಷಯವೇ. ಆ ವಯಸ್ಸಿನ ಕ್ಯಾನ್ಸರ್ ಬೇರೆ ಜಾತಿಯದು, ಜರ್ಮ್ ಸೆಲ್ ಅನ್ನುತ್ತಾರೆ. ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಅನ್ನುವ ಬೇರೆ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ. ಸಮಾಧಾನದ ವಿಷಯ ಏನೆಂದರೆ ಇದು ಕೀಮೋಗೆ ಚೆನ್ನಾಗಿ ಬಗ್ಗುತ್ತದೆ. ಹೆಚ್ಚಿನವರಲ್ಲಿ ಗರ್ಭಕೋಶವನ್ನೂ ಇನ್ನೊಂದು ಓವರಿಯನ್ನೂ ಉಳಿಸಿಕೊಂಡೇ ಗುಣ ಮಾಡಬಹುದು.

ಮನೆತನದಲ್ಲಿ ಸ್ತನ ಅಥವಾ ಓವರಿಯ ಕ್ಯಾನ್ಸರ್ ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅಮ್ಮ, ಅಕ್ಕತಂಗಿ, ಚಿಕ್ಕಮ್ಮ ಮಾತ್ರವಲ್ಲ, ಅಪ್ಪನ ಕಡೆಯ ಸೋದರತ್ತೆಯದೂ ಲೆಕ್ಕಕ್ಕೆ ಬರುತ್ತದೆ. ಬಿಆರ್‌ಸಿಎ1 ಜೀನ್‌ನ ದೋಷ ಇದ್ದವರಲ್ಲಿ 80 ವರ್ಷದೊಳಗೆ ಓವರಿ ಕ್ಯಾನ್ಸರ್ ಬರುವ ಸಂಭವ ಶೇ. 40ರ ಆಸುಪಾಸು, ಬಿಆರ್‌ಸಿಎ2 ಆದರೆ 17ರ ಹತ್ತಿರ. ಈ ದೋಷ ಅಪ್ಪನಿಂದಲೂ ಬರುತ್ತದೆ.

‘ನನಗೆ ಗರ್ಭಕೋಶ ತೆಗೆದಾಗಿದೆ, ಇನ್ನೇನು ಭಯ’ ಅನ್ನುವವರು ಹಳೆಯ ಡಿಸ್ಚಾರ್ಜ್ ಚೀಟಿ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಗರ್ಭಕೋಶ ತೆಗೆದರೂ ಓವರಿ ಬಿಟ್ಟಿರುವುದು ಬಹಳ ಸಾಮಾನ್ಯ.

ಗ್ಯಾಸ್ ಅಂತ ತಳ್ಳಿಹಾಕುವ ಲಕ್ಷಣಗಳು

ಓವರಿಯ ಕ್ಯಾನ್ಸರ್ ಮೊದಲಿಗೆ ಓವರಿಯ ಕಾಯಿಲೆಯ ಹಾಗೆ ಕಾಣುವುದೇ ಇಲ್ಲ. ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗಾಗುವುದು, ಕಿಬ್ಬೊಟ್ಟೆಯಲ್ಲಿ ನೋವು, ಪದೇ ಪದೇ ಅವಸರದಿಂದ ಮೂತ್ರಕ್ಕೆ ಹೋಗಬೇಕಾಗುವುದು. ಜೀರಿಗೆ ಕಷಾಯ, ಗ್ಯಾಸ್ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಮುಖ ಕೈಕಾಲು ಸೊರಗಿದರೂ ಲಂಗದ ಲಾಡಿ ಮಾತ್ರ ಬಿಗಿಯಾಗುತ್ತಾ ಬರುತ್ತದೆ.

ಉಬ್ಬರ ಯಾರಿಗೆ ಬರಲ್ಲ? ವ್ಯತ್ಯಾಸ ಇರುವುದು ಎಷ್ಟು ಸಲ, ಯಾವಾಗಿನಿಂದ ಅನ್ನುವುದರಲ್ಲಿ. ಒಂದು ವರ್ಷದ ಈಚೆಗೆ ಹೊಸದಾಗಿ ಶುರುವಾಗಿದ್ದು, ತಿಂಗಳಲ್ಲಿ 12 ದಿನಕ್ಕಿಂತ ಜಾಸ್ತಿ ಕಾಡುತ್ತಿದ್ದರೆ ಪರೀಕ್ಷೆ ಮಾಡಿಸಬೇಕು. 50 ದಾಟಿದವರಿಗೆ ಇದು ಇನ್ನೂ ಮುಖ್ಯ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಎಷ್ಟು ಸಲ ಅಂತ ಎಣಿಸುತ್ತಾ ಕೂರಬೇಡಿ, ಮೊದಲ ಸಲಕ್ಕೇ ತೋರಿಸಿ.

ಕ್ಯಾನ್ಸರ್ ಅಲ್ಲದ ಗಡ್ಡೆಯೂ ಒಮ್ಮೊಮ್ಮೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿಸುತ್ತದೆ. ಗಡ್ಡೆಯ ಭಾರಕ್ಕೆ ಓವರಿ ತನ್ನ ಬುಡದಲ್ಲೇ ತಿರುಚಿಕೊಂಡರೆ ರಕ್ತ ಸಂಚಾರ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಒಂದು ಬದಿಗೆ ತಡೆಯಲಾರದ ನೋವು, ಜೊತೆಗೆ ವಾಂತಿ. ಬೆಳಗಾಗಲಿ ಅಂತ ಕಾದರೆ ಓವರಿಯನ್ನೇ ಕಳೆದುಕೊಳ್ಳಬೇಕಾಗಬಹುದು.

ಡಾಕ್ಟರ ಹತ್ತಿರ ಹೋಗುವಾಗ

ಹಳೆಯ ಸ್ಕ್ಯಾನ್‌ಗಳು ಎಷ್ಟೇ ವರ್ಷದವಾದರೂ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಇದೇ ಗಡ್ಡೆ ಐದು ವರ್ಷದ ಹಿಂದೆಯೂ ಇಷ್ಟೇ ಇತ್ತು ಅಂತ ಗೊತ್ತಾದರೆ ಅರ್ಧ ಚಿಂತೆ ಅಲ್ಲೇ ಹೋಗುತ್ತದೆ. ಕೊನೆಯ ಮುಟ್ಟಿನ ತಾರೀಖು ಬರೆದಿಟ್ಟುಕೊಳ್ಳಿ. ಮುಟ್ಟು ಮುಗಿದ ಕೂಡಲೇ ಮಾಡಿದ ಸ್ಕ್ಯಾನಿನಲ್ಲಿ ಆ ತಿಂಗಳ ಗುಳ್ಳೆ ಇನ್ನೂ ಚಿಕ್ಕದಿರುತ್ತದೆ, ಗೊಂದಲ ಕಮ್ಮಿ.

ಗಡ್ಡೆ ಅನುಮಾನದ್ದು, ಆಪರೇಷನ್ ಬೇಕು ಅಂದರೆ ಕೇಳಬೇಕಾದ್ದು ಮೂರು ವಿಷಯ: ಗಡ್ಡೆಯನ್ನು ಒಡೆಯದಂತೆ ತೆಗೆಯುತ್ತೀರಾ, ಫ್ರೋಜನ್ ಸೆಕ್ಷನ್ ವ್ಯವಸ್ಥೆ ಇದೆಯಾ, ಕ್ಯಾನ್ಸರ್ ಅಂತ ಗೊತ್ತಾದರೆ ಮುಂದಿನ ಆಪರೇಷನ್ ಯಾರು ಮಾಡುತ್ತಾರೆ. ಈ ಕೆಲಸಕ್ಕೆಂದೇ ತರಬೇತಿ ಪಡೆದವರನ್ನು ಗೈನಕ್ ಆಂಕಾಲಜಿಸ್ಟ್ ಅನ್ನುತ್ತಾರೆ. ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಆಸ್ಪತ್ರೆಯಲ್ಲಿ ಇದಕ್ಕೆ ಬೇರೆಯೇ ವಿಭಾಗ ಇದೆ. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ನಾಳೆಯೇ ಆಪರೇಷನ್‌ಗೆ ಡೇಟ್ ಸಿಕ್ಕರೂ, ಅನುಮಾನದ ಗಡ್ಡೆಗೆ ಇಂಥ ತಜ್ಞರನ್ನು ಒಮ್ಮೆ ಕಂಡು ಬಂದ ಮೇಲೆ ಹೂಂ ಅನ್ನಿ.